ಸೆನ್ಸರಿಗೆ ಇಟ್ಟ ಕುಂಕುಮ

ಮದುವೆ ಮನೆಗಳಲ್ಲಿ ನನಗೆ ಕಾಯಂ ಬರುವ ಪ್ರಶ್ನೆ ಒಂದುಂಟು. "ನಿಮ್ಮ ಫ್ಯಾಕ್ಟರಿ ಫುಲ್ ಆಟೋಮ್ಯಾಟಿಕ್ ಅಲ್ವಾ, ಮತ್ತೆ ನಿಮಗೆ ಎಂತ ಕೆಲಸ ಮಾರಾಯ್ರೆ?"

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ನಾನು ಮೇಂಟೆನೆನ್ಸ್ ಎಂಜಿನಿಯರ್. ಆಟೋಮ್ಯಾಟಿಕ್ ಮೆಷಿನ್ ತನ್ನಷ್ಟಕ್ಕೆ ಓಡುತ್ತದೆ, ನಿಜ. ತನ್ನಷ್ಟಕ್ಕೆ ನಿಲ್ಲುತ್ತದೆ ಕೂಡ, ಅದೂ ರಾತ್ರಿ ಎರಡು ಗಂಟೆಗೆ.

ನಮ್ಮಲ್ಲಿ ಕಲರ್ ಸಾರ್ಟರ್ ಅಂತ ಉಂಟು. ಮೇಲಿಂದ ಬೀಳುವ ಒಂದೊಂದು ಬೀಜವನ್ನೂ ಕ್ಯಾಮೆರಾದಲ್ಲಿ ನೋಡಿ, ಕಪ್ಪು ಚುಕ್ಕೆ ಕಂಡರೆ ಉಫ್ ಅಂತ ಗಾಳಿ ಊದಿ ಆಚೆ ತಳ್ಳುತ್ತದೆ. ಆದರೆ ಜುಲೈ ತಿಂಗಳ ಮಂಗಳೂರಿನ ಗಾಳಿಯನ್ನು ಕಂಪ್ರೆಸರಿಗೆ ಹಾಕುವುದೂ ಒಂದೇ, ಒದ್ದೆ ಬಟ್ಟೆ ಹಿಂಡುವುದೂ ಒಂದೇ. ಆ ನೀರು ತೆಗೆಯುವ ಏರ್ ಡ್ರೈಯರ್ ಕೈಕೊಟ್ಟ ದಿನ ಮೆಷಿನ್ ಊದುವುದಿಲ್ಲ, ಉಗುಳುತ್ತದೆ.

ಅದು ಹೋಗಲಿ. ಹೇಳಬೇಕಾದ್ದು ಆಯುಧ ಪೂಜೆಯ ಕಥೆ.

ಪ್ಯಾಕಿಂಗ್ ಲೈನಿನಲ್ಲಿ ಬೆಲ್ಟಿನ ಆಚೆ ಈಚೆ ಒಂದು ಜೋಡಿ ಫೋಟೋ ಸೆನ್ಸರ್. ಈಚೆಯದ್ದು ಬೆಳಕು ಬಿಡುತ್ತದೆ, ಆಚೆಯದ್ದು ಹಿಡಿಯುತ್ತದೆ, ಪ್ಯಾಕೆಟ್ ನಡುವೆ ಬಂದರೆ ಲೆಕ್ಕ. ಬೆಳಕು ಜಾಸ್ತಿ ಹೊತ್ತು ಸಿಗದಿದ್ದರೆ ಪ್ಯಾಕೆಟ್ ಸಿಕ್ಕಿಕೊಂಡಿದೆ ಅಂತ ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್, ಲೈನನ್ನೇ ನಿಲ್ಲಿಸುತ್ತದೆ. ಪೂಜೆಯ ರಜೆ ಮುಗಿಸಿ ಬಂದು ಸ್ಟಾರ್ಟ್ ಒತ್ತಿದರೆ ಸ್ಕ್ರೀನಿನಲ್ಲಿ 'ಜಾಮ್'. ಬೆಲ್ಟ್ ನೋಡಿದರೆ ಖಾಲಿ! ಪ್ಯಾನೆಲ್ ಬಿಚ್ಚಿದೆ, 24 ವೋಲ್ಟ್ ಸರಿ ಇತ್ತು, ಇನ್‌ಪುಟ್ ಕಾರ್ಡ್ ಬದಲಿಸಿದೆ, ಲ್ಯಾಪ್‌ಟಾಪ್ ಹಚ್ಚಿ ಪ್ರೋಗ್ರಾಂ ಪೂರ್ತಿ ಓದಿದೆ, ಬೆಂಗಳೂರಿನ ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಅವರು "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ಹಿಂದೆ ಸೂಪರ್‌ವೈಸರ್ ಚಾ ಹಿಡಿದು ನಿಂತು ಐದು ನಿಮಿಷಕ್ಕೊಮ್ಮೆ "ಆಯ್ತಾ?"

ಎರಡು ಗಂಟೆ ಹೀಗೇ ಹೋಯಿತು. ನೆಲ ಒರೆಸುತ್ತಿದ್ದ ಅಕ್ಕ ಬಗ್ಗಿ ನೋಡಿ, "ಭಟ್ರು ಇದರ ಕಣ್ಣಿಗೇ ಕುಂಕುಮ ಇಟ್ಟಿದ್ದಾರಲ್ಲ ಸರ್" ಅಂತ ಸೆರಗಿನಿಂದ ಒರೆಸಿದರು. ಲೈನ್ ಓಡಿತು. ಮೊದಲು ಸೆನ್ಸರಿನ ಮೂತಿ ನೋಡಿ, ಆಮೇಲೆ ಪ್ಯಾನೆಲ್ ಮುಟ್ಟಿ ಅಂತ ಟ್ರೈನಿಗಳಿಗೆ ಪಾಠ ಮಾಡುವವನು ನಾನೇ ಅನ್ನುವುದು ಇಲ್ಲಿ ಬೇಡ. ಲಾಗ್ ಬುಕ್ಕಿನಲ್ಲಿ 'ಆಪ್ಟಿಕಲ್ ತೊಂದರೆ ಸರಿಪಡಿಸಲಾಯಿತು' ಅಂತ ಗಂಭೀರವಾಗಿ ಬರೆದೆ.

ಮರುವರ್ಷ ನಾನು ಭಾರೀ ಹುಷಾರು. ಭಟ್ರು ಬರುವ ಮೊದಲೇ ಎಲ್ಲ ಸೆನ್ಸರಿನ ಕಣ್ಣಿಗೂ ಕಪ್ಪು ಟೇಪ್ ಅಂಟಿಸಿದೆ. ಪೂಜೆ ಚೆಂದ ಆಯಿತು, ಅವಲಕ್ಕಿ ಪ್ರಸಾದ ಎರಡು ಸಲ ಹಾಕಿಸಿಕೊಂಡು ಮನೆಗೆ ಹೋಗಿ ಮಲಗಿದೆ.

ರಜೆ ಕಳೆದು ಸ್ಟಾರ್ಟ್ ಒತ್ತಿದರೆ, ಜಾಮ್. ಮುಕ್ಕಾಲು ಗಂಟೆ ಕುಂಕುಮ ಹುಡುಕಿದೆ. ಕೊನೆಗೆ ಅದೇ ಅಕ್ಕ ಉಗುರಿನಿಂದ ಟೇಪ್ ಕಿತ್ತು ನನ್ನ ಕೈಗಿಟ್ಟರು.

"ಈ ಸಲ ಭಟ್ರದ್ದು ತಪ್ಪಿಲ್ಲ ಸರ್."