ಫಿಡ್ರಿಚ್ ತೋಳು ಕೆಟ್ಟಿದ್ದು ಅತಿಯಾಗಿ ಎಸೆಸಿದ್ದರಿಂದಲೇ?

ಪರ: ಹೌದು, 21ರ ಹುಡುಗನ ಮೇಲೆ ಹೊರಲಾಗದ ಭಾರ ಹೇರಿದರು

1976ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಬಂದ ಮಾರ್ಕ್ ಫಿಡ್ರಿಚ್‌ನಂಥ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಅಮೆರಿಕದ ಬೇಸ್‌ಬಾಲ್ ಅದುವರೆಗೆ ಕಂಡಿರಲಿಲ್ಲ. ಗುಂಗುರು ಕೂದಲು, ನೀಳ ಕೈಕಾಲು, ‘ದಿ ಬರ್ಡ್’ ಎಂಬ ಅಡ್ಡಹೆಸರು. ಎಸೆಯುವ ಮುನ್ನ ಚೆಂಡು ಹಿಡಿದು ಮಾತಾಡಿಕೊಳ್ಳುತ್ತಿದ್ದ, ಮಂಡಿಯೂರಿ ಮೌಂಡ್‌ನ (ಪಿಚರ್ ನಿಂತು ಎಸೆಯುವ ದಿಬ್ಬದ) ಮಣ್ಣನ್ನು ಕೈಯಿಂದಲೇ ಸಮ ಮಾಡುತ್ತಿದ್ದ. ಎದುರಾಳಿ ಚೆನ್ನಾಗಿ ಹೊಡೆದ ಚೆಂಡು ತನಗೆ ಬೇಡವೆಂದು ಅಂಪೈರ್‌ಗೆ ಹಿಂದಿರುಗಿಸುತ್ತಿದ್ದ. ಜೂನ್ 28ರಂದು ಯಾಂಕೀಸ್ ತಂಡವನ್ನು 5–1ರಿಂದ ಮಣಿಸಿದ ಪಂದ್ಯ ದೇಶದಾದ್ಯಂತ ಟಿವಿಯಲ್ಲಿ ಬಂತು. ಕ್ರೀಡಾಂಗಣದಲ್ಲೇ 47,000ಕ್ಕೂ ಹೆಚ್ಚು ಜನ.

ಹಿಂದಿನ ವರ್ಷ 102 ಪಂದ್ಯ ಸೋತಿದ್ದ ತಂಡಕ್ಕೆ ಇಂಥ ಹುಡುಗ ಸಿಕ್ಕರೆ ಮೌಂಡ್‌ನಿಂದ ಇಳಿಸಲು ಯಾರಿಗೆ ಮನಸ್ಸು ಬರುತ್ತದೆ? ಮ್ಯಾನೇಜರ್ ರಾಲ್ಫ್ ಹೌಕ್ ಇಳಿಸಲಿಲ್ಲ. ಫಿಡ್ರಿಚ್ ಆರಂಭಿಸಿದ 29 ಪಂದ್ಯಗಳಲ್ಲಿ 24ನ್ನು ಕೊನೆಯವರೆಗೂ ತಾನೇ ಎಸೆದ. ಒಟ್ಟು 250 ಇನ್ನಿಂಗ್ಸ್. ಬೇಸ್‌ಬಾಲ್‌ನಲ್ಲಿ ತಂಡವೊಂದರ ಮೂವರು ಔಟಾದರೆ ಪಿಚರ್ ಲೆಕ್ಕಕ್ಕೆ ಒಂದು ಇನ್ನಿಂಗ್ಸ್, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು, ಸಮವಾದರೆ ಇನ್ನೂ ಹೆಚ್ಚು. ಮೇ 31ರಂದು 11 ಇನ್ನಿಂಗ್ಸ್, ಐದೇ ದಿನ ಬಿಟ್ಟು ಮತ್ತೆ 11.

ಚೆಂಡು ಬೆರಳು ಬಿಟ್ಟ ಮೇಲೂ ತೋಳು ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸ ಬಹುಮಟ್ಟಿಗೆ ಭುಜದ ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳದ್ದು, ಅಂದರೆ ರೊಟೇಟರ್ ಕಫ್‌ನದ್ದು. ಕಾಲು, ಸೊಂಟ ದಣಿದರೆ ಆ ಶ್ರಮವೂ ಭುಜಕ್ಕೇ ಬೀಳುತ್ತದೆ, ಸ್ನಾಯುರಜ್ಜು ಎಳೆಎಳೆಯಾಗಿ ಸವೆಯುತ್ತದೆ. ಎಂಟನೇ, ಒಂಬತ್ತನೇ ಇನ್ನಿಂಗ್ಸ್‌ನ ಎಸೆತಗಳು ಹೆಚ್ಚು ಅಪಾಯಕಾರಿ ಆಗುವುದು ಇದಕ್ಕೇ. ಅದೇ ವರ್ಷ 25 ಪೂರ್ಣ ಪಂದ್ಯ ಎಸೆದ ಸ್ಯಾನ್ ಡಿಯಾಗೊದ ರ‍್ಯಾಂಡಿ ಜೋನ್ಸ್ ಕೂಡ ಋತುವಿನ ಕೊನೆಗೆ ತೋಳಿನ ನರಕ್ಕೆ ಪೆಟ್ಟು ಮಾಡಿಕೊಂಡರು, ಮತ್ತೆ ಆ ಮಟ್ಟ ಮುಟ್ಟಲಿಲ್ಲ. ಆಗ ಪ್ರತಿ ಪಂದ್ಯದ ಎಸೆತ ಎಣಿಸಿ ಪಿಚರ್‌ಗೆ ಮಿತಿ ಹಾಕುವ ಪದ್ಧತಿ ಇರಲಿಲ್ಲ ನಿಜ. ಆದರೆ ಹುಡುಗನ ವಯಸ್ಸು ಎಲ್ಲರಿಗೂ ಗೊತ್ತಿತ್ತು.

ವಿರೋಧ: ಅಲ್ಲ, ಕೆಡಿಸಿದ್ದು ಮೊಣಕಾಲು ಮತ್ತು ಯಾರೂ ಹಿಡಿಯದ ಗಾಯ

ಇನ್ನಿಂಗ್ಸ್ ಎಣಿಸಿದರೆ ಎಸೆತ ಎಣಿಸಿದಂತಾಗುವುದಿಲ್ಲ. ಫಿಡ್ರಿಚ್ 250 ಇನ್ನಿಂಗ್ಸ್‌ನಲ್ಲಿ ಸ್ಟ್ರೈಕ್‌ಔಟ್ (ಫೀಲ್ಡರ್‌ಗಳ ನೆರವಿಲ್ಲದೆ ಎಸೆತದಿಂದಲೇ ಔಟ್) ಮಾಡಿದ್ದು 97 ಮಂದಿಯನ್ನು, ವಾಕ್ (ನಾಲ್ಕು ತಪ್ಪೆಸೆತಕ್ಕೆ ಸಿಗುವ ಉಚಿತ ಬೇಸ್) ಕೊಟ್ಟಿದ್ದು ಬರೀ 53. ಎರಡಕ್ಕೂ ಎಸೆತ ಹೆಚ್ಚು ಬೇಕು. ಚೆಂಡನ್ನು ತಗ್ಗಿನಲ್ಲಿಟ್ಟು, ನೆಲಕ್ಕೆ ಹೊಡೆಸಿ, ಫೀಲ್ಡರ್‌ಗಳಿಂದ ಔಟ್ ಮಾಡಿಸುವುದು ಅವರ ದಾರಿ. ಯಾಂಕೀಸ್ ವಿರುದ್ಧದ ಆ ಪಂದ್ಯ ಎರಡು ಗಂಟೆಯೊಳಗೆ ಮುಗಿದಿತ್ತು. ಮೇ 15ರ ಮೊದಲ ಆರಂಭದಿಂದ ಲೆಕ್ಕ ಹಾಕಿದರೆ ಸರದಿ ಬಂದದ್ದು ಸರಾಸರಿ ಐದು ದಿನಕ್ಕೊಮ್ಮೆ. ಇದೇ ಟೈಗರ್ಸ್‌ಗೆ 1971ರಲ್ಲಿ ಮಿಕಿ ಲೋಲಿಚ್ 376 ಇನ್ನಿಂಗ್ಸ್ ಎಸೆದು, ಆಮೇಲೂ ವರ್ಷಗಟ್ಟಲೆ ಆಡಿದರು. ಅವರಿಗಾಗ 30 ದಾಟಿತ್ತು ಎನ್ನಬಹುದು, ಆ ವ್ಯತ್ಯಾಸವನ್ನು ಒಪ್ಪುತ್ತೇನೆ.

ಆದರೆ 1977ನ್ನು ನೋಡಿ. ಮಾರ್ಚ್‌ನಲ್ಲಿ ಫ್ಲೋರಿಡಾದ ತರಬೇತಿ ಶಿಬಿರದಲ್ಲಿ ಚೆಂಡು ಹಿಡಿಯುತ್ತಿದ್ದಾಗ ಎಡ ಮೊಣಕಾಲಿನ ಮೃದ್ವಸ್ಥಿ ಹರಿಯಿತು. ಶಸ್ತ್ರಚಿಕಿತ್ಸೆಯಾಗಿ ಮೇ ಕೊನೆಗೆಲ್ಲ ಮೌಂಡ್‌ಗೆ ಮರಳಿದರು. ಆರು ಪಂದ್ಯ ಗೆದ್ದರು. ಹಿಂದಿನ ವರ್ಷವೇ ಭುಜ ಹರಿದಿದ್ದರೆ ಇದು ಸಾಧ್ಯವಿತ್ತೇ? ಜುಲೈನಲ್ಲಿ ಬಾಲ್ಟಿಮೋರ್‌ನಲ್ಲಿ ತೋಳು ಏಕಾಏಕಿ ಸತ್ತಂತಾಯಿತು. ಬಲಗೈ ಪಿಚರ್‌ನ ಇಡೀ ದೇಹದ ಭಾರ ಬಂದು ಇಳಿಯುವುದು ಎಡಗಾಲಿನ ಮೇಲೆ. ಆ ಕಾಲು ಊರಲು ಹಿಂಜರಿದರೆ ಸೊಂಟ ತಿರುಗುವ ಹೊತ್ತು ತಪ್ಪುತ್ತದೆ, ಕೊರತೆ ತುಂಬಲು ತೋಳೊಂದೇ ಎಳೆಯಬೇಕಾಗುತ್ತದೆ. ಕಾಲಿಗೆ ಪೆಟ್ಟಾದ ಪಿಚರ್ ಅವಸರದಲ್ಲಿ ಮರಳಿದರೆ ಭುಜ ಕೆಡುವುದು ಹೀಗೆಯೇ.

ಅದಕ್ಕಿಂತ ದೊಡ್ಡ ಅನ್ಯಾಯ ಆಮೇಲಿನದು. ಮಾಮೂಲಿ ಎಕ್ಸ್‌-ರೇಯಲ್ಲಿ ರೊಟೇಟರ್ ಕಫ್ ಹರಿದಿರುವುದು ಕಾಣುವುದಿಲ್ಲ. ಎಂಆರ್‌ಐ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಹರಿದ ಭುಜದಲ್ಲೇ ಅವರು 1980ರವರೆಗೆ ಟೈಗರ್ಸ್‌ಗೆ, ನಂತರ ಕೆಳದರ್ಜೆ ಲೀಗ್‌ನಲ್ಲಿ ಎಸೆದು 1983ರಲ್ಲಿ ನಿವೃತ್ತರಾದರು. 1985ರಲ್ಲಿ ಕ್ರೀಡಾಗಾಯಗಳ ತಜ್ಞ ಡಾ. ಜೇಮ್ಸ್ ಆಂಡ್ರ್ಯೂಸ್ ಪರೀಕ್ಷಿಸಿದಾಗಷ್ಟೇ ಅದು ಹರಿದಿರುವುದು ಗೊತ್ತಾಯಿತು. ಅಷ್ಟರಲ್ಲಿ 29 ಗೆಲುವು, 19 ಸೋಲಿಗೆ ಅವರ ಮೇಜರ್ ಲೀಗ್ ಆಟ ಮುಗಿದುಹೋಗಿತ್ತು. ಅದರಲ್ಲಿ 19 ಗೆಲುವು ಮೊದಲ ವರ್ಷದವು.