ಇಲಿಗೆ ವಾಸಿಯಾಗಿದೆ, ಅಭಿನಂದನೆಗಳು

ಸಕ್ಕರೆ ಕಾಯಿಲೆ ಬರುವುದೇ ಆದರೆ ಇಲಿಗೆ ಬರಬೇಕು. ಮನುಷ್ಯರಿಗೆ ಬಂದರೆ ಸಾಯುವತನಕ ಜತೆಗಿರುತ್ತದೆ. ಇಲಿಗೆ ಬಂದರೆ ಆಗಾಗ ವಾಸಿಯಾಗುತ್ತಲೇ ಇರುತ್ತದೆ, ಅದೂ ಪತ್ರಿಕೆಯಲ್ಲಿ ಸುದ್ದಿಯಾಗುವಷ್ಟು ಜೋರಾಗಿ. 'ಮಧುಮೇಹಕ್ಕೆ ಕೊನೆಗೂ ಸಿಕ್ಕಿತು ಮದ್ದು' ಎಂದು ದಪ್ಪಕ್ಷರದ ತಲೆಬರಹ. ಅದರ ಕೆಳಗೆ ಇನ್ಸುಲಿನ್ ಪೆನ್ ಹಿಡಿದು ಹಲ್ಲು ಬಿಡುತ್ತಿರುವ ಮಹಿಳೆಯ ಫೋಟೊ. ಕಣ್ಣು ಕಿರಿದು ಮಾಡಿಕೊಂಡು ಕೊನೆಯ ಪ್ಯಾರಾದವರೆಗೆ ಹೋದರೆ ಅಲ್ಲೊಂದು ಸಾಲು ಮುದುಡಿ ಕೂತಿರುತ್ತದೆ: 'ಸದ್ಯಕ್ಕೆ ಈ ಪ್ರಯೋಗ ಇಲಿಗಳ ಮೇಲೆ ಮಾತ್ರ ನಡೆದಿದೆ.' ನಾವು ಆ ಸಾಲು ತಲುಪುವಷ್ಟರಲ್ಲಿ ನೆಂಟರಿಷ್ಟರೆಲ್ಲ ತಲೆಬರಹವನ್ನು ಫಾರ್ವರ್ಡ್ ಮಾಡಿ ಕೈತೊಳೆದುಕೊಂಡಿರುತ್ತಾರೆ. 'ನಿನ್ನ ಕಾಯಿಲೆಗೆ ಔಷಧಿ ಬಂತಂತೆ ನೋಡು.' ಬಂದಿದೆ ಚಿಕ್ಕಪ್ಪ, ಬಿಲದ ವಿಳಾಸಕ್ಕೆ ಬಂದಿದೆ.

ಈ ಭಾಗ್ಯವಂತ ಇಲಿಯ ಹೆಸರು ಎನ್‌ಒಡಿ. ಜಪಾನಿನಲ್ಲಿ ಬೆಳೆಸಿದ ತಳಿ, 1980ರಲ್ಲಿ ಲೋಕಕ್ಕೆ ಪರಿಚಯವಾಯಿತು. ಟೈಪ್ 1 ಮಧುಮೇಹದಲ್ಲಿ ಆಗುವಂತೆ ಇದರ ದೇಹದ ಕಾವಲು ಪಡೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರುವೆಂದು ತಿಳಿದು ಹೊಡೆದುಹಾಕುತ್ತದೆ. ಅಲ್ಲಿಗೆ ನಮಗೂ ಅದಕ್ಕೂ ಇರುವ ಸಂಬಂಧ ಬಹುತೇಕ ಮುಗಿಯಿತು. ಈ ಇಲಿಗೆ ಕಾಯಿಲೆ ಬರದಂತೆ ತಡೆಯುವ ದಾರಿಗಳನ್ನು ವಿಜ್ಞಾನಿಗಳು ನೂರಕ್ಕೂ ಹೆಚ್ಚು ಬಗೆಯಲ್ಲಿ ಕಂಡುಕೊಂಡಿದ್ದಾರೆ. ಗಂಡಾಗಿ ಹುಟ್ಟಿದರೆ ಕಾಯಿಲೆಯ ಸಂಭವ ಕಡಿಮೆ. ಇನ್ನೂ ಸೋಜಿಗವೆಂದರೆ, ಪಂಜರ ಚೊಕ್ಕಟವಾಗಿದ್ದರಷ್ಟೇ ಕಾಯಿಲೆ ಜೋರು. ಸೋಂಕು ಹರಡುವಷ್ಟು ಕೊಳಕಾಗಿ ಬಿಟ್ಟರೆ ಎಷ್ಟೋ ಇಲಿಗಳು ಪಾರಾಗಿಬಿಡುತ್ತವೆ. ಅಂದರೆ ಪಂಜರ ತೊಳೆಯುವ ಕೆಲಸದವನು ಒಂದು ತಿಂಗಳು ರಜೆ ಹಾಕಿದರೂ ಸಾಕು, ಅದೂ ಒಂದು ಚಿಕಿತ್ಸೆಯೇ! ಮೇಲಾಗಿ ಈ ಇಲಿಗಳೆಲ್ಲ ಒಂದೇ ಅಚ್ಚಿನವು. ಮನುಷ್ಯರಲ್ಲಿ ಒಂದೇ ತಾಯಿಯ ಇಬ್ಬರು ಮಕ್ಕಳಿಗೂ ಒಂದೇ ಡೋಸ್ ಹೊಂದುವುದಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದರು ಎಂದು ಹಿಂದಿನವರು ಆಡಿಕೊಳ್ಳುತ್ತಿದ್ದರು. ಈಗ ಇಲಿ ಹಿಡಿದು ಬೆಟ್ಟ ಎಬ್ಬಿಸುವುದು ಬಂದಿದೆ.

ಟೈಪ್ 1 ಬಂದ ಮಗುವಿನ ತಂದೆತಾಯಿಗೆ ಹೇಳುವ ಸಮಾಧಾನವೂ ಈ ಬೆಟ್ಟದಿಂದಲೇ ಇಳಿದದ್ದು: 'ಇನ್ನು ಐದು ವರ್ಷ, ಮದ್ದು ಬಂದೇ ಬರುತ್ತೆ.' ಐದು ವರ್ಷ ಬಿಟ್ಟು ಕೇಳಿದರೂ ಐದೇ ವರ್ಷ. ಆ ಮಾತು ಕೇಳಿಸಿಕೊಂಡು ಬೆಳೆದ ಮಕ್ಕಳಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ, ಅವರ ಕೂದಲು ನೆರೆತಿದೆ. ಐದು ವರ್ಷಕ್ಕೆ ಮಾತ್ರ ವಯಸ್ಸಾಗಿಲ್ಲ.

ಹಾಗಂತ ಬಿಲದಿಂದ ಯಾವುದೂ ಆಚೆ ಬಂದೇ ಇಲ್ಲ ಎಂದರೆ ಸುಳ್ಳಾದೀತು. 1994ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಕಾವಲು ಪಡೆಯ ಕೋಶಗಳ ಮೇಲಿರುವ ಸಿಡಿ3 ಎಂಬ ಗುರುತಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನು ಕಾಯಿಲೆ ಬಂದ ಎನ್‌ಒಡಿ ಇಲಿಗಳಿಗೆ ಕೊಟ್ಟರು, ಕಾಯಿಲೆ ಹಿಂದೆ ಸರಿಯಿತು. ಅದೇ ಉಪಾಯದ ಟೆಪ್ಲಿಝುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2022ರ ನವೆಂಬರಿನಲ್ಲಿ. ಇಲಿಯಿಂದ ಮನುಷ್ಯನ ತೋಳಿಗೆ 28 ವರ್ಷದ ಪ್ರಯಾಣ. ಬಂದದ್ದಾದರೂ ಏನು ಮಾಡುತ್ತದೆ? ಕಾಯಿಲೆ ಹೊರಬೀಳುವ ಮೊದಲೇ ರಕ್ತದಲ್ಲಿ ಅದರ ಸುಳಿವು ಕಂಡವರಿಗೆ 14 ದಿನ ಡ್ರಿಪ್ ಏರಿಸಿದರೆ, ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದಕ್ಕೆ ಹಾಕುತ್ತದೆ. ಈಗಾಗಲೇ ಸೂಜಿ ಚುಚ್ಚಿಕೊಳ್ಳುತ್ತಿರುವವರಿಗೆ ಅಲ್ಲ. ನಗಬೇಡಿ, ಎಂಟು ವರ್ಷದ ಮಗುವಿಗೆ ಸೂಜಿಯಿಲ್ಲದ ಎರಡು ವರ್ಷ ಸಣ್ಣದಲ್ಲ. ನನ್ನ ಮನೆಯ ಮಗುವಾಗಿದ್ದರೆ ಕಣ್ಣಿಗೊತ್ತಿಕೊಂಡು ತಗೊಳ್ಳುತ್ತಿದ್ದೆ. ಆದರೆ 'ಕಾಯಿಲೆ ಎರಡು ವರ್ಷ ತಡ' ಎಂದರೆ ತಲೆಬರಹಕ್ಕೆ ಸೊಗಸಿಲ್ಲವಲ್ಲ.

ಇನ್ಸುಲಿನ್ನಿನ ಕಥೆ ಹೀಗಿರಲಿಲ್ಲ. ಅದನ್ನು ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಬೆಸ್ಟ್ ಟೊರೊಂಟೊದಲ್ಲಿ ನಾಯಿಗಳ ಮೇಲೆ ಪ್ರಯೋಗ ಶುರುಮಾಡಿದ್ದು 1921ರ ಬೇಸಿಗೆಯಲ್ಲಿ. ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೇದೋಜೀರಕದ ಸಾರ ಚುಚ್ಚಿದ್ದು 1922ರ ಜನವರಿ 11ರಂದು. ಅದು ಕೈಕೊಟ್ಟಿತು, ಚುಚ್ಚಿದ ಜಾಗ ಬಾತುಕೊಂಡಿತು. ಅವರ ಜತೆಗಿದ್ದ ಜೀವರಸಾಯನ ತಜ್ಞ ಕಾಲಿಪ್ ಹಗಲೂ ರಾತ್ರಿ ಕೂತು ಸಾರವನ್ನು ಶುದ್ಧ ಮಾಡಿಕೊಟ್ಟ. 23ರಂದು ಮತ್ತೆ ಚುಚ್ಚಿದರು, ಹುಡುಗ ಬದುಕಿದ. ನಾಯಿಯಿಂದ ಹುಡುಗನಿಗೆ ಒಂದು ವರ್ಷವೂ ಹಿಡಿಯಲಿಲ್ಲ. ಆ ಕಾಲದ ಅವಸರ ಈಗ ನಡೆಯಬಾರದು, ಒಪ್ಪಿದೆ. ಈಗಿನ ಅವಸರವೆಲ್ಲ ಪತ್ರಿಕಾ ಪ್ರಕಟಣೆಗೆ ವರ್ಗವಾಗಿದೆ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ರಂದು, ವಿಶ್ವ ಮಧುಮೇಹ ದಿನವೆಂದು, ದೊಡ್ಡ ದೊಡ್ಡ ಕಟ್ಟಡಗಳಿಗೆಲ್ಲ ನೀಲಿ ದೀಪ ಹಾಕುತ್ತಾರೆ. ಆ ರಾತ್ರಿ ಕಟ್ಟಡಗಳ ಶುಗರ್ ನಾರ್ಮಲ್ ಇರುತ್ತದೆ.

ಇನ್ನು ಇಲಿಯಾಗದೆ ಉಳಿದವರ ಯೋಗಕ್ಷೇಮಕ್ಕೆ ಬರೋಣ. ಅದು ಎಚ್‌ಬಿಎ1ಸಿ ಎಂಬ ಒಂದೇ ಅಂಕಿಯಲ್ಲಿ ಅಡಗಿದೆ: ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಲೆಕ್ಕ. ಈ ಅಂಕಿ ಇಳಿದರೆ ಕಣ್ಣು, ಮೂತ್ರಪಿಂಡ ಉಳಿಯುತ್ತವೆ ಎಂದು 1,441 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 1993ರಲ್ಲಿ ಸಾಬೀತು ಮಾಡಿತು. ದೊಡ್ಡ ಕೆಲಸವೇ. ಆಮೇಲೆ ಆದದ್ದೇನೆಂದರೆ, ಅಂಕಿಯೇ ಕುರ್ಚಿಯಲ್ಲಿ ಕೂತಿತು, ಮನುಷ್ಯ ಬಾಗಿಲಾಚೆ ನಿಂತ. ಏಳು ಬಂದರೆ ಪಾಸು. ಏಳು ಅಂದರೆ ರಕ್ತದ ಸಕ್ಕರೆ ಸರಾಸರಿ 154ರ ಆಸುಪಾಸು.

"ಸರ್, ರಾತ್ರಿ ಮೂರು ಗಂಟೆಗೆ ಐವತ್ತಕ್ಕೆ ಇಳಿದುಬಿಟ್ಟಿತ್ತು. ಮೈಯೆಲ್ಲ ಬೆವರು, ಗ್ಲೂಕೋಸ್ ಪೊಟ್ಟಣ ಹರಿಯೋಕೂ ಕೈ ನಿಲ್ತಿರಲಿಲ್ಲ."

"ಸರಾಸರಿ ಚೆನ್ನಾಗಿದೆಯಲ್ರೀ."

"ಬೆಳಿಗ್ಗೆ ನೋಡಿದ್ರೆ ಇನ್ನೂರ ಅರವತ್ತು."

"ಅದಕ್ಕೇ ಸರಾಸರಿ ಚೆನ್ನಾಗಿರೋದು! ಹೀಗೇ ಕಂಟಿನ್ಯೂ ಮಾಡಿ."

ಮನಸ್ಸಿನ ಗತಿ ಏನು ಎಂದು ಕೇಳುವವರು ಇಲ್ಲವೆನ್ನುವಂತಿಲ್ಲ. ಅದಕ್ಕೂ ಫಾರಂ ಇದೆ. 1995ರಿಂದ ಬಳಕೆಯಲ್ಲಿರುವ ಪ್ರಶ್ನಾವಳಿ, 20 ಪ್ರಶ್ನೆ. ಪ್ರತಿ ಪ್ರಶ್ನೆಗೂ ನಿಮ್ಮ ಸಂಕಟಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ನೀವೇ ಅಂಕ ಹಾಕಿಕೊಳ್ಳಬೇಕು. ಒಟ್ಟು ಕೂಡಿಸಿ 1.25ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ದುಃಖದ ಫಲಿತಾಂಶ ಹೊರಬೀಳುತ್ತದೆ. 40 ಬಂದರೆ ತೀವ್ರ ಸಂಕಟ, ಆಪ್ತ ಸಮಾಲೋಚಕರ ಹತ್ತಿರ ಕಳಿಸಬಹುದು. ಪ್ರಶ್ನೆಗಳು ಒಳ್ಳೆಯವೇ, ಕಷ್ಟ ಪಟ್ಟವರ ಬಾಯಿಂದಲೇ ಹೆಕ್ಕಿದಂತಿವೆ. ತಂಟೆಯೆಲ್ಲ ಗುಣಾಕಾರದ್ದು. ಒಬ್ಬನಿಗೆ ಒಟ್ಟು 31 ಬಂತೆನ್ನಿ, ಗುಣಿಸಿದರೆ 38.75.

"ಒಂದೂಕಾಲು ಕಡಿಮೆ ಆಯ್ತಲ್ರೀ," ಎನ್ನುತ್ತಾರೆ ಫಾರಂ ತಗೊಂಡ ಸಿಸ್ಟರ್. "ಮುಂದಿನ ವಿಸಿಟ್‌ಗೆ ನೋಡೋಣ."

"ಸಿಸ್ಟರ್, ಒಂದು ನಿಮಿಷ ಆ ಫಾರಂ ಕೊಡ್ತೀರಾ? 'ನಿಮ್ಮ ಡಾಕ್ಟರ ಬಗ್ಗೆ ಅಸಮಾಧಾನ ಇದೆಯೇ' ಅಂತ ಒಂದು ಪ್ರಶ್ನೆ ಇತ್ತು. ಅವರು ಎದುರಿಗೇ ಕೂತಿದ್ರು ಅಂತ ಸೊನ್ನೆ ಹಾಕಿದ್ದೆ. ಒಂದು ಮಾಡ್ತೀನಿ."