ದೇವರುಗಳಿಗೆ ಉಲ್ಲೇಖ ಕೇಳಬಾರದು

ಕಳೆದ ರಾಜ್ಯೋತ್ಸವಕ್ಕೆ ನಮ್ಮೂರಿನ ಯುವಕ ಸಂಘದವರು ರಸಪ್ರಶ್ನೆ ಸ್ಪರ್ಧೆ ಇಟ್ಟುಕೊಂಡು ನನ್ನನ್ನು ತೀರ್ಪುಗಾರನಾಗಲು ಕರೆದರು. ನಾನೇ ಯಾಕೆ ಎಂದು ಕೇಳಿದೆ. "ನಿಮ್ಮ ಮನೆಯಲ್ಲಿ ಪುಸ್ತಕದ ಕಪಾಟು ಇದೆಯಲ್ಲ" ಎಂದರು. ಆ ಕಪಾಟಿನಲ್ಲಿ ಈಗ ಉಳಿದಿರುವುದು ಸೊಸೈಟಿಯ ರಸೀದಿಗಳು, ತೋಟಕ್ಕೆ ಬೋರ್ಡೋ ಹೊಡೆಸಿದ ಲೆಕ್ಕದ ನೋಟ್‌ಬುಕ್ಕು ಮತ್ತು ಮೊದಲರ್ಧವನ್ನು ಗೆದ್ದಲು ತಿಂದು ಮುಗಿಸಿದ ಒಂದು ನಿಘಂಟು. ಹಾಗಾಗಿ ಪಕಾರದಿಂದ ಮುಂದಿನ ವಿಷಯಗಳಲ್ಲಿ ನನ್ನ ಪಾಂಡಿತ್ಯವನ್ನು ಯಾರೂ ಅನುಮಾನಿಸುವಂತಿಲ್ಲ. ಕಕಾರದ ಕುಂಚಿಕಲ್, ಗಕಾರದ ಗಾಜನೂರು, ಜಕಾರದ ಜೋಗ ಮೂರೂ ಸೇರಿ ನನ್ನ ಮಾನ ಕಳೆದದ್ದು ಬಹುಶಃ ಈ ಕಾರಣಕ್ಕೇ.

ಊರಿನ ಭೂಗೋಳವನ್ನು ಸ್ವಲ್ಪ ಹೇಳಬೇಕು. ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ ಇರುವ, ಬಸ್ಸು ದಿನಕ್ಕೆ ಮೂರು ಸಲ ಬರಬೇಕಾದ, ಎರಡೇ ಸಲ ಬಂದರೂ ಯಾರೂ ಕೋಪಿಸಿಕೊಳ್ಳದ ಊರು ನಮ್ಮದು. ಮೊಬೈಲ್ ಸಿಗ್ನಲ್ ಊರಿಗೆಲ್ಲ ಸೇರಿ ಒಂದೇ ಕಡೆ ಸಿಗುತ್ತದೆ: ದೇವಸ್ಥಾನದ ಹಿಂದಿನ ಹಲಸಿನ ಮರದ ಬುಡದಲ್ಲಿ, ಅದೂ ಕೆರೆಯ ಕಡೆಗೆ ಮುಖ ಮಾಡಿ ನಿಂತರೆ. ಸ್ಪರ್ಧೆಯ ಚಪ್ಪರ ಹಾಕಿದ್ದು ದೇವಸ್ಥಾನದ ಎದುರಿಗೆ. ಹೀಗೆ ಜ್ಞಾನ ಮೊದಲೇ ಎರಡು ಹೋಳಾಯಿತು. ಚಪ್ಪರದಲ್ಲಿ ಕುಳಿತವರು ಅಭಿಮಾನದಿಂದ ಉತ್ತರ ಹೇಳುವವರು. ಹಲಸಿನ ಮರದಡಿ ನಿಂತವರು ವಿಕಿ ನೋಡಿ ಉತ್ತರ ಹೇಳುವವರು. ಈ ಎರಡು ಪಕ್ಷಗಳ ನಡುವೆ ಸುದ್ದಿ ಒಯ್ಯಲು ಏಳನೆಯ ತರಗತಿಯ ಹುಡುಗನೊಬ್ಬನನ್ನು ನೇಮಿಸಿದ್ದರು. ಅಂದು ನಿಜವಾಗಿ ದುಡಿದವನು ಅವನೊಬ್ಬನೇ.

ಮೊದಲ ನಾಲ್ಕು ಪ್ರಶ್ನೆಗಳು ತಂಟೆಯಿಲ್ಲದೆ ಕಳೆದವು. ಐದನೆಯದು, ಭಾರತದ ಅತಿ ಎತ್ತರದ ಜಲಪಾತ ಯಾವುದು?

ನಾನು ವಾಕ್ಯ ಮುಗಿಸುವ ಮೊದಲೇ ಸಾಗರದ ತಂಡ "ಜೋಗ" ಎಂದು ಕೂಗಿತು. 253 ಮೀಟರ್, ಹಳೆಯ ಲೆಕ್ಕದಲ್ಲಿ 830 ಅಡಿ ಎಂದು ಸೇರಿಸಿ, ಯಾರೂ ಕೇಳದಿದ್ದರೂ ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲುಗಳ ಹಾಜರಿಯನ್ನೂ ಕರೆಯಿತು. ಸಾಗರದವರ ಮಟ್ಟಿಗೆ ಜೋಗವೆಂದರೆ ಮನೆಯ ಹಿರಿಯ ಮಗ. ಅವನಿಗಿಂತ ಎತ್ತರದವರು ಊರಿನಲ್ಲಿರಬಾರದು. ಆಗ ಹೊಸನಗರದ ತಂಡದ ನಾಯಕ ನಿಧಾನವಾಗಿ ಎದ್ದು ನಿಂತು "ಕುಂಚಿಕಲ್, 455 ಮೀಟರ್" ಎಂದ. ಹಲಸಿನ ಮರದ ಕಡೆಯಿಂದ ಹುಡುಗ ಏದುಸಿರು ಬಿಡುತ್ತ ಓಡಿಬಂದು "ಹೌದಂತೆ" ಎಂದು ಹೇಳಿ ಮತ್ತೆ ಓಡಿದ.

"ನೀವು ಕುಂಚಿಕಲ್ ನೋಡಿದ್ದೀರಾ?" ಎಂದು ಸಾಗರ ಕೇಳಿತು.

"ನೋಡಿಲ್ಲ, ಓದಿದ್ದೇವೆ."

"ನಾವು ಜೋಗವನ್ನು ಕಣ್ಣಾರೆ ನೋಡಿದ್ದೇವೆ."

"ನೋಡಿದ ಮಾತ್ರಕ್ಕೆ ಎತ್ತರ ಹೆಚ್ಚುತ್ತದೆಯೇ ಮಾರಾಯರೇ?"

ಎತ್ತರ ಎಂದರೇನು ಎಂದು ಎರಡೂ ಕಡೆಯವರು ಕೇಳಲಿಲ್ಲ. ವಾರಾಹಿ ನದಿ ಮಾಸ್ತಿಕಟ್ಟೆಯ ಹತ್ತಿರ ಬಂಡೆಯಿಂದ ಬಂಡೆಗೆ ಇಳಿಯುತ್ತ ಹೋಗುವುದು ಕುಂಚಿಕಲ್. ಶರಾವತಿ ಕಮರಿಯ ಅಂಚಿಗೆ ಬಂದು ಧುಮುಕಿಬಿಡುವುದು ಜೋಗ. ಮೆಟ್ಟಿಲನ್ನೆಲ್ಲ ಕೂಡಿಸಿ ಅಳೆಯುವುದೋ, ಒಂದೇ ಜಿಗಿತವನ್ನು ಅಳೆಯುವುದೋ ಎಂಬುದರ ಮೇಲೆ ಉತ್ತರ ನಿಂತಿದೆ. ಅದೂ ಅಲ್ಲದೆ ಎರಡೂ ಜಲಪಾತಗಳ ನಲ್ಲಿ ಇರುವುದು ವಿದ್ಯುತ್ತಿನವರ ಕೈಯಲ್ಲಿ. ಮಾಣಿ ಅಣೆಕಟ್ಟು ಕಟ್ಟಿದ ಮೇಲೆ ವಾರಾಹಿಯ ನೀರು ಭೂಗರ್ಭ ವಿದ್ಯುದಾಗಾರದ ದಾರಿ ಹಿಡಿಯಿತು, ಕುಂಚಿಕಲ್ ಮಳೆಗಾಲದ ನೆಂಟನಾಯಿತು. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಜೋಗದ ಗತಿಯೂ ಹೆಚ್ಚುಕಡಿಮೆ ಅದೇ. ಬೇಸಿಗೆಯಲ್ಲಿ ಪೈಪೋಟಿ ನಡೆಯುವುದು ಎರಡು ಒಣ ಬಂಡೆಗಳ ನಡುವೆ.

ಮುಂದಿನ ಸಾಲಿನಲ್ಲಿ ಕವಳ ಹಾಕಿಕೊಂಡು ಕುಳಿತಿದ್ದ ಅಜ್ಜಯ್ಯನೊಬ್ಬರು ಕೈ ಎತ್ತಿದರು. ಮಾಸ್ತಿಕಟ್ಟೆಯ ಕಡೆ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. "ನಾನು ಮಳೆಗಾಲದಲ್ಲಿ ಕುಂಚಿಕಲ್ ನೋಡಿದ್ದೇನೆ. ಮೇಲೆ ನಿಂತರೆ ಕೆಳಗಿನದು ಕಾಣುವುದಿಲ್ಲ, ಕೆಳಗೆ ನಿಂತರೆ ಮೇಲಿನದು ಕಾಣುವುದಿಲ್ಲ. ಬಂಡೆ ಬಹಳ ಜಾರುತ್ತದೆ, ಹುಡುಗರು ಹತ್ತಿರ ಹೋಗಬಾರದು" ಎಂದರು. ಇಡೀ ಸಭೆಯಲ್ಲಿ ಆ ಜಾಗವನ್ನು ನೋಡಿದವರು ಅವರೊಬ್ಬರೇ. ಚಪ್ಪರದವರು "ಅಜ್ಜಯ್ಯನಿಗೆ ವಯಸ್ಸಾಯಿತು" ಎಂದು ನಕ್ಕರು. ಹಲಸಿನ ಮರದಿಂದ ಹುಡುಗ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದ: "ಸ್ವಂತ ಸಂಶೋಧನೆ ನಡೆಯುವುದಿಲ್ಲವಂತೆ. ಎಲ್ಲಿ ಅಚ್ಚಾಗಿದೆ ಎಂದು ಕೇಳುತ್ತಿದ್ದಾರೆ." ಅಜ್ಜಯ್ಯ ಎದ್ದುಹೋಗಿ ಕವಳ ಉಗಿದು ಬಂದು ಕುಳಿತರು. ಅದಕ್ಕೂ ಉಲ್ಲೇಖವಿಲ್ಲ.

ಅಜ್ಜಯ್ಯ ಬೇಸರಪಟ್ಟುಕೊಳ್ಳಬೇಕಾಗಿಲ್ಲ, ಅವರಿಗೆ ದೊಡ್ಡವರ ಜೊತೆಯಿದೆ. 2012ರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್, ತಾನೇ ಬರೆದ ಕಾದಂಬರಿಯೊಂದಕ್ಕೆ ಪ್ರೇರಣೆ ಯಾರೆಂಬುದನ್ನು ವಿಕಿಪೀಡಿಯ ತಪ್ಪಾಗಿ ಹೇಳುತ್ತಿದೆ, ತಿದ್ದಿ ಎಂದು ಕೇಳಿಕೊಂಡರು. ಲೇಖಕರ ಮಾತಿಗೆ ಬೆಲೆಯಿದೆ, ಆದರೆ ಬೇರೆ ಆಧಾರ ಬೇಕು ಎಂಬ ಉತ್ತರ ಬಂತು. ತನ್ನ ತಲೆಯೊಳಗೆ ಏನಿತ್ತು ಎಂಬುದಕ್ಕೆ ತಾನು ಆಧಾರವಲ್ಲ ಎಂದು ತಿಳಿದ ಆ ಮನುಷ್ಯ ನ್ಯೂಯಾರ್ಕರ್ ಪತ್ರಿಕೆಯ ಜಾಲತಾಣದಲ್ಲಿ ಉದ್ದನೆಯ ಬಹಿರಂಗ ಪತ್ರ ಬರೆದರು. ಅಚ್ಚಾದೊಡನೆ ಅದೇ ಮಾತು ಆಧಾರವಾಯಿತು. ನಮ್ಮ ಅಜ್ಜಯ್ಯನಿಗೆ ನ್ಯೂಯಾರ್ಕರ್ ಪರಿಚಯವಿಲ್ಲ.

ವಿಕಿ ಎಂದರೆ ಹವಾಯಿ ದ್ವೀಪದ ಭಾಷೆಯಲ್ಲಿ ಬೇಗ ಎಂದು ಅರ್ಥ. ಯಾರು ಬೇಕಾದರೂ ತಿದ್ದಬಹುದಾದ ಪುಟಗಳಿಗೆ 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಆ ಹೆಸರಿಟ್ಟ. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಅದು ಕನ್ನಡಕ್ಕೂ ಬಂತು. ಬಂದದ್ದು ಒಳ್ಳೆಯದೇ ಆಯಿತು, ನಾನೂ ದಿನಕ್ಕೆರಡು ಸಲ ನೋಡುತ್ತೇನೆ. ಆದರೆ ಬೇಗ ಎಂಬ ಪದವನ್ನು ಮಲೆನಾಡಿಗೆ ತರುವಾಗ ಸ್ವಲ್ಪ ಯೋಚಿಸಬೇಕಿತ್ತು. ಇಲ್ಲಿ ಬೇಗ ನಡೆದವನು ಅಂಗಳದ ಪಾಚಿಯ ಮೇಲೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ.

ಜೋಗದ ಅಂಕವನ್ನು ಕಾಯ್ದಿರಿಸಿ ಆರನೆಯ ಪ್ರಶ್ನೆಗೆ ಹೋದೆ. ಸುಲಭದ ಪ್ರಶ್ನೆ, ಗಲಾಟೆ ತಣ್ಣಗಾದೀತು ಎಂದುಕೊಂಡಿದ್ದೆ. ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಯಾವುದು?

"ಗಾಜನೂರು!" ಎಂದು ಚಪ್ಪರ ಒಕ್ಕೊರಲಿನಿಂದ ಹೇಳಿತು. ನಾನು ಸುಮ್ಮನಿರಬಹುದಿತ್ತು. ತೀರ್ಪುಗಾರನಾದವನಿಗೆ ಮೈಕು ಕೈಯಲ್ಲಿದ್ದರೆ ನಾಲಿಗೆ ತುರಿಸುತ್ತದೆ. "ಅದು ಯಾವ ಜಿಲ್ಲೆಯಲ್ಲಿದೆ?" ಎಂದು ಕೇಳಿಬಿಟ್ಟೆ.

"ಶಿವಮೊಗ್ಗ!"

ಹೌದು, ನಮ್ಮಲ್ಲೂ ಒಂದು ಗಾಜನೂರಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ತುಂಗೆಗೆ ಅಣೆಕಟ್ಟು ಕಟ್ಟಿದ ಊರು. ಇನ್ನೂ ಸ್ವಲ್ಪ ಮುಂದೆ ಹೋದರೆ ಸಕ್ರೆಬೈಲಿನ ಆನೆಗಳು ಸ್ನಾನ ಮಾಡುತ್ತಿರುತ್ತವೆ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ತಾಳವಾಡಿಯ ಹತ್ತಿರ, ಚಾಮರಾಜನಗರದ ಗಡಿಯಾಚೆ, ಈಗಿನ ತಮಿಳುನಾಡಿನಲ್ಲಿ. 2000ದ ಜುಲೈ 30ರಂದು ಅವರನ್ನು ವೀರಪ್ಪನ್ ಅಪಹರಿಸಿದ್ದು ಅಲ್ಲಿಂದಲೇ. ಆಗ 108 ದಿನ ಇಡೀ ರಾಜ್ಯ ಆ ಊರಿನ ನಕ್ಷೆಯನ್ನು ಕಲಿತಿತ್ತು. ಅವರು ಮನೆಗೆ ಬಂದರು, ನಾವು ನಕ್ಷೆಯನ್ನು ಮಡಚಿಟ್ಟೆವು.

ನಾನು ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತೀರ್ಥಹಳ್ಳಿಯ ತಂಡ ಗಂಟೆ ಬಾರಿಸಿ "ಸಿಂಗಾನಲ್ಲೂರು" ಎಂದಿತು. ಆಧಾರ? "ಹೆಸರಿನಲ್ಲೇ ಇದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್." ಹಿಂದಿನ ಸಾಲಿನಿಂದ ಮೇಷ್ಟ್ರೊಬ್ಬರು ಎದ್ದು, ಹೆಸರಿನ ಮುಂದಿರುವ ಊರೇ ಹುಟ್ಟೂರಾಗುವುದಾದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುಪ್ಪಳಿಯಲ್ಲೇ ಹುಟ್ಟಬೇಕಿತ್ತು, 1904ರಲ್ಲಿ ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಜ್ಜನ ಮನೆಯಲ್ಲಿ ಎಂದರು. ಮಾತು ಖರೆ. ಆದರೆ ಕೆಲವು ಖರೆ ಮಾತುಗಳನ್ನು ತೀರ್ಥಹಳ್ಳಿಯ ತಂಡದ ಎದುರು, ಅದೂ ಕೊನೆಯ ಬಸ್ಸು ಹೋದ ಮೇಲೆ ಆಡಬಾರದು. "ಕುವೆಂಪು ನಮ್ಮವರಲ್ಲ ಎನ್ನುತ್ತೀರಾ ಸಾರ್?" ಎಂದು ನಾಲ್ವರು ಎದ್ದು ನಿಂತರು. ಮೇಷ್ಟ್ರು ಕುಳಿತರು.

ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ಎಂಥ ದೊಡ್ಡ ಮನಸ್ಸಿನ ಮಾತು! ಆದರೆ ಒಮ್ಮೆ ದೇವರೆನಿಸಿಕೊಂಡವರು ಮತ್ತೆ ಭೂಗೋಳದ ಪುಸ್ತಕ ತೆರೆಯುವುದುಂಟೇ? ದೇವರು ಹೇಳಿದ್ದೇ ವಾಕ್ಯ. ಊರು ಯಾವುದು, ಚಿತ್ರಗಳೆಷ್ಟು ಎಂದು ಕೇಳಿದರೆ ಪ್ರಸಾದದಂತೆ ಉತ್ತರ ಬರುತ್ತದೆ, ಎರಡು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು.

ಇತ್ತ ಹಲಸಿನ ಮರದಡಿ ಬೇರೆಯೇ ಕೆಲಸ ನಡೆದಿತ್ತು. ನಮ್ಮ ಸಂಘದ ಕಾರ್ಯದರ್ಶಿ ಯಾವುದೋ ಒಂದು ವಿಕಿಯಲ್ಲಿ ಗಾಜನೂರಿನ ಮುಂದೆ "ಶಿವಮೊಗ್ಗ ಜಿಲ್ಲೆ" ಎಂದು ಸೇರಿಸಿದ. ಹನ್ನೊಂದು ನಿಮಿಷದಲ್ಲಿ ಯಾರೋ ಅಳಿಸಿದರು. ಮತ್ತೆ ಸೇರಿಸಿದ, ಮತ್ತೆ ಅಳಿಸಿದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥದ್ದಕ್ಕೆ ನಿಯಮವಿದೆ: ಒಂದು ಪುಟದಲ್ಲಿ ಒಬ್ಬರು 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬರಹವನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ನಮ್ಮ ಬೇಲಿ ಸರಿಸುವ ತಕರಾರುಗಳಿಗೆ ಈ ನಿಯಮ ಬಂದರೆ ತಾಲ್ಲೂಕಿನ ಅರ್ಧ ವಕೀಲರು ಅಡಿಕೆ ಸುಲಿಯಲು ಕೂರಬೇಕಾಗುತ್ತದೆ.

ಈ ಕಾರ್ಯದರ್ಶಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವನ ಬಳಿ ಎರಡು ಫೋನುಗಳಿವೆ. ಒಂದರಲ್ಲಿ ಅವನು ಅಭಿಮಾನಿಗಳ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್, ಇನ್ನೊಂದರಲ್ಲಿ ವಿಕಿ ಸಂಪಾದಕ. ಗುಂಪಿನಲ್ಲಿ ಯಾರಾದರೂ ಅನುಮಾನ ಕೇಳಿದರೆ "ವಿಕಿಯಲ್ಲಿದೆ ನೋಡಿ" ಎಂದು ಒಂದು ಫೋನಿನಿಂದ ಬರೆಯುತ್ತಾನೆ. ವಿಕಿಯಲ್ಲಿ ಆಧಾರ ಕೇಳಿದರೆ "ಅಭಿಮಾನಿ ವಲಯದಲ್ಲಿ ಎಲ್ಲರಿಗೂ ತಿಳಿದದ್ದು" ಎಂದು ಇನ್ನೊಂದರಿಂದ ಬರೆಯುತ್ತಾನೆ. ಎಡಗೈ ಬಲಗೈಗೆ ಸಾಕ್ಷಿ. ಚಾರ್ಜು ಮುಗಿದಾಗ ಮಾತ್ರ ಎರಡಕ್ಕೂ ಒಂದೇ ವೈರು.

ಅಂದು ರಾತ್ರಿ ಗುಂಪಿನಲ್ಲಿ ಮತದಾನವಾಯಿತು. ಶಿವಮೊಗ್ಗದ ಗಾಜನೂರಿಗೆ ನಲವತ್ತೊಂದು, ತಾಳವಾಡಿಯ ಗಾಜನೂರಿಗೆ ಮೂರು. ಮೂರರಲ್ಲಿ ಒಂದು, ಕೈತಪ್ಪಿ ಒತ್ತಿದ್ದು ಎಂದು ಬೆಳಿಗ್ಗೆ ವಾಪಸಾಯಿತು.

ನಾನೇನು ಮಾಡಿದೆ ಎಂದು ಕೇಳುವಿರಿ. ತಾಳವಾಡಿ ಎಂದು ಮೈಕಿನಲ್ಲಿ ಗಟ್ಟಿಯಾಗಿ ಹೇಳಬೇಕಿತ್ತು. ಎದುರಿಗೆ ಚಪ್ಪರ ತುಂಬ ದೇವರುಗಳು, ಹೊರಗೆ ಕತ್ತಲೆ, ಮನೆಗೆ ಒಂದೂವರೆ ಮೈಲಿ. "ಗಾಜನೂರು ಎಂಬುದು ಸರಿ. ಉಳಿದಂತೆ ಮೂರೂ ತಂಡಗಳಿಗೆ ಅರ್ಧರ್ಧ ಅಂಕ" ಎಂದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಮೂರನೆಯ ದಿನ ಸ್ಥಳೀಯ ಪತ್ರಿಕೆಯೊಂದರ ಒಳಪುಟದಲ್ಲಿ ಸುದ್ದಿ: "ರಾಜ್ ಹುಟ್ಟೂರು ನಮ್ಮ ಗಾಜನೂರೇ: ತೀರ್ಪುಗಾರರ ಸ್ಪಷ್ಟನೆ."

ಆಗಲೇ ನನಗೆ ದಕ್ಷಿಣ ಅಮೆರಿಕದ ಆ ಪ್ರಾಣಿಯ ನೆನಪಾಯಿತು. ಕೋಟಿ ಎಂದು ಅದರ ಹೆಸರು, ಉದ್ದ ಮೂಗು, ಪಟ್ಟೆ ಬಾಲ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ತಮಾಷೆಗೆಂದು ಅದಕ್ಕೆ ಬ್ರೆಜಿಲಿನ ಆರ್ಡ್‌ವಾರ್ಕ್ (ಆರ್ಡ್‌ವಾರ್ಕ್ ಎಂದರೆ ಆಫ್ರಿಕದ ಬೇರೆಯೇ ಒಂದು ಪ್ರಾಣಿ) ಎಂಬ ಹೆಸರೂ ಇದೆ ಎಂದು ವಿಕಿಪೀಡಿಯದಲ್ಲಿ ಸೇರಿಸಿದ. ಪತ್ರಿಕೆಗಳು ಅದನ್ನು ನೋಡಿ ಬರೆದವು. ಆಮೇಲೆ ಆ ಬರಹವೇ ವಿಕಿಗೆ ಉಲ್ಲೇಖವಾಗಿ ಬಂತು. ಒಬ್ಬ ಹುಡುಗನ ಕೀಟಲೆಗೆ ಆಧಾರ ಸಿಕ್ಕಿತು, ಪ್ರಾಣಿಯನ್ನು ಯಾರೂ ಕೇಳಲಿಲ್ಲ.

ನೆನಪಾದದ್ದು ಸುಳ್ಳಾಗಲಿಲ್ಲ. ವಾರ ಕಳೆಯುವುದರೊಳಗೆ ಕಾರ್ಯದರ್ಶಿಯ ವಿಕಿ ಪುಟದಲ್ಲಿ "ಶಿವಮೊಗ್ಗ ಜಿಲ್ಲೆ" ಮತ್ತೆ ಕಾಣಿಸಿಕೊಂಡಿತು. ಈ ಸಲ ಅದರ ತಲೆಯ ಮೇಲೆ ಚಿಕ್ಕದೊಂದು ಅಂಕಿ. ಒತ್ತಿ ನೋಡಿದರೆ ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ. ಆಧಾರ ನಾನೇ! ಹಲಸಿನ ಮರದಡಿಗೆ ಹೋಗಿ, ಕೆರೆಯ ಕಡೆಗೆ ಮುಖ ಮಾಡಿ ನಿಂತು, ನಾನು ಹಾಗೆ ಹೇಳಿಲ್ಲ, ನಾನೇ ಆ ತೀರ್ಪುಗಾರ ಎಂದು ಬರೆದೆ. ಅತ್ತಲಿಂದ ಬಹಳ ವಿನಯದ ಉತ್ತರ ಬಂತು. ನೀವು ಹೇಳುವುದು ನಿಜವಿರಬಹುದು, ಆದರೆ ಅಚ್ಚಾದ ಆಧಾರ ಬೇರೆ ಹೇಳುತ್ತಿದೆ ಎಂದಿತ್ತು. ಗುಂಪಿನಲ್ಲೂ ಬರೆದು ನೋಡಿದೆ. "ತೀರ್ಪುಗಾರರ ಸ್ಪಷ್ಟನೆ ಪತ್ರಿಕೆಯಲ್ಲೇ ಬಂದಿದೆ, ಇವರು ಯಾರು ಹೇಳುವುದಕ್ಕೆ?" ಎಂದು ಒಬ್ಬರು ಕೇಳಿದರು. ಕೇಳಿದವರು ನನಗೆ ಶಾಲು ಹೊದಿಸಿದವರೇ. ಸಂಜೆಯ ಹೊತ್ತಿಗೆ ನನ್ನನ್ನು ಗುಂಪಿನಿಂದ ಹೊರಗೆ ಹಾಕಿದ್ದರು.

ಮೊನ್ನೆ ಸೊಸೈಟಿಯಲ್ಲಿ ಅಜ್ಜಯ್ಯ ಸಿಕ್ಕಿದ್ದರು. ಈ ವರ್ಷದ ಸ್ಪರ್ಧೆಗೆ ಪ್ರಶ್ನೆಗಳು ಸಿದ್ಧವಾಗಿವೆಯಂತೆ. ತೀರ್ಪುಗಾರರನ್ನು ಬದಲಾಯಿಸಿದ್ದಾರೆ, ಆದರೆ ನನ್ನ ಮೇಲಿನ ಗೌರವಕ್ಕೆ ಒಂದು ಪ್ರಶ್ನೆಯನ್ನು ಇಟ್ಟುಕೊಂಡಿದ್ದಾರಂತೆ: ಕಳೆದ ವರ್ಷದ ತೀರ್ಪುಗಾರರ ಹುಟ್ಟೂರು ಯಾವುದು? ಉತ್ತರಕ್ಕಾಗಿ ಗುಂಪಿನಲ್ಲಿ ಮತದಾನ ನಡೆಯುತ್ತಿದೆ. ಅಜ್ಜಯ್ಯ ಹೊರಡುವಾಗ ಹೇಳಿದಂತೆ, ಸದ್ಯಕ್ಕೆ ಹೊಸನಗರ ಒಂಬತ್ತು ಮತಗಳಿಂದ ಮುಂದಿದೆ.